ಬಣ್ಣ ಹೋದ ಮೇಲೆ

ನಮ್ಮ ಕಡೆ ಮಳೆಗೆ ಬರ ಬಂದೀತು, ಕಾಲುವೆ ನೀರಿಗೆ ಬರ ಬಂದೀತು, ಬುದ್ಧಿ ಹೇಳುವವರಿಗೆ ಮಾತ್ರ ಯಾವ ಕಾಲಕ್ಕೂ ಬರ ಬಂದದ್ದಿಲ್ಲ. ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ಸಾಕು, ಸಿಂಧನೂರಿನಿಂದ ಕಾರು ಮಾಡಿಕೊಂಡು ಬಂದು ಹೇಳುತ್ತಾರೆ. ಗೊರೇಬಾಳದ ಹೈಸ್ಕೂಲಿಗೆ ಆ ವರ್ಷ ಹಾಗೆ ಬಂದವರು ಗುರುಬಸವ ಸರ್. ಸಿಂಧನೂರಿನ ಒಂದು ಖಾಸಗಿ ಪಿಯು ಕಾಲೇಜಿನ ಪ್ರಿನ್ಸಿಪಾಲರು. ಕಾಲೇಜಿನ ಹೆಸರು ಇಲ್ಲಿ ಬೇಡ. ಹೇಳಿದರೆ ಅದೂ ಒಂದು ಜಾಹೀರಾತಾದೀತು.

ಯಂಕಮ್ಮ ಅವತ್ತು ಕೂಲಿ ಬಿಟ್ಟು ಸಭೆಗೆ ಬಂದಿದ್ದಳು. ಅವಳ ಮಗಳು ಪಂಪಾವತಿ ಇಡೀ ಶಾಲೆಗೆ ಮೊದಲು ಬಂದಿದ್ದಳು. ಕೇರಿಯ ಹುಡುಗಿ ಶಾಲೆಗೆ ಮೊದಲು ಬಂದದ್ದು ಊರಲ್ಲಿ ಕೆಲವರಿಗೆ ನಂಬಲಾಗಲಿಲ್ಲ, ಕೆಲವರಿಗೆ ನುಂಗಲಾಗಲಿಲ್ಲ. ಕುರ್ಚಿ ಖಾಲಿ ಇದ್ದವು. ಯಂಕಮ್ಮ ಬಾಗಿಲ ಬಳಿ ನೆಲಕ್ಕೆ ಕೂತಳು. ಮೇಷ್ಟ್ರು ಮೇಲೆ ಕೂಡಲು ಹೇಳಿದರು.

“ಇರ್ಲಿ ಬಿಡ್ರಿ ಸರ. ಇಲ್ಲೇ ಗಾಳಿ ಬರತೈತಿ.”

ಗಾಳಿ ಎಲ್ಲಿತ್ತು? ಮೇ ತಿಂಗಳು, ತಗಡಿನ ಮಾಡು. ಆದರೆ ಊರ ಗೌಡರ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತರೆ ಬೆನ್ನಿಗೆ ಎಷ್ಟು ಕಣ್ಣು ಚುಚ್ಚುತ್ತವೆ ಎನ್ನುವುದು ಅವಳಿಗೆ ಗೊತ್ತು.

ಗುರುಬಸವ ಸರ್ ಮಾತು ಶುರು ಮಾಡಿದರು. ಒಳ್ಳೆಯ ಗಂಟಲು. “ಕಾಲೇಜು ಅಂದ್ರ ಹೈಸ್ಕೂಲಲ್ಲ ಮಕ್ಕಳ. ಅಲ್ಲಿ ಯಾರೂ ಕೈ ಹಿಡದು ನಡಸಂಗಿಲ್ಲ. ಈಗಿಂದ್ಲೇ ತಯಾರಾಗ್ರಿ. ನಸುಕಿನ್ಯಾಗ ಎದ್ದು ಓದ್ರಿ, ಓದಿದ್ದು ತಲಿಯಾಗ ಕುಂದರತೈತಿ. ಓದಾಕ ಮನಿಯಾಗ ಒಂದು ಬ್ಯಾರೆ ಖೋಲಿ ಇರಲಿ. ತಿಳೀಲಿಲ್ಲಂದ್ರ ಪ್ರಶ್ನೆ ಕೇಳ್ರಿ, ಅಂಜಬ್ಯಾಡ್ರಿ. ಪ್ರಶ್ನೆ ಕೇಳೋ ಹುಡುಗ ಅಂದ್ರ ನನಗ ಭಾಳ ಪ್ರೀತಿ.”

ಯಂಕಮ್ಮ ಒಂದೊಂದು ಮಾತನ್ನೂ ಸೆರಗಿಗೆ ಗಂಟು ಹಾಕಿಕೊಂಡಳು. ನಸುಕಿನಲ್ಲಿ ಅವರ ಮನೆಯಲ್ಲಿ ಎಲ್ಲರೂ ಏಳುತ್ತಿದ್ದರು. ಸಸಿ ಕೀಳಲು ಹೊತ್ತು ಮೂಡುವ ಮೊದಲೇ ಗದ್ದೆಯಲ್ಲಿರಬೇಕು. ಬೇರೆ ಖೋಲಿ ಎಲ್ಲಿಂದ ತರುವುದು? ಇರುವುದೇ ಒಂದು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಮಗಳ ಪುಸ್ತಕ.

“ಇನ್ನೊಂದು,” ಎಂದರು ಸರ್. “ನಾನು ಹುಡುಗ್ರನ್ನ ಉಗುರು ನೋಡಿ ಅಳೀತೀನಿ. ಕೈಕಾಲು ಸ್ವಚ್ಛ ಇದ್ವಂದ್ರ ಮನಸು ಸ್ವಚ್ಛ. ಹೊಲಸು ಕೈಯಾಗ ಸರಸ್ವತಿ ನಿಲ್ಲಂಗಿಲ್ಲ. ತಾಯಂದಿರು ಇದನ್ನ ನೆನಪಿಡ್ರಿ.”

ಯಂಕಮ್ಮ ತನ್ನ ಕೈ ಸೆರಗಿನೊಳಗೆ ಮುಚ್ಚಿಕೊಂಡಳು. ಬೇರೇನೂ ಕೊಡಲಾಗದಿದ್ದರೂ ಇದೊಂದನ್ನು ಮಗಳಿಗೆ ಕೊಡಬಲ್ಲೆ ಎಂದು ಅವಳಿಗೆ ಅನ್ನಿಸಿತು. ಖೋಲಿ ಕಟ್ಟಲಾಗದು, ಕೈ ತೊಳೆಯಬಹುದಲ್ಲ.

ಕಡೆಗೆ ಪಂಪಾವತಿಯನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. ಫೋಟೋ ತೆಗೆದರು. ಗುರುಬಸವ ಸರ್ ಹುಡುಗಿಯ ಪಕ್ಕ ನಿಂತು, ಊರಿನವರ ಎದುರಿಗೆ, ಮೈಕಿನಲ್ಲಿ ಮಾತು ಕೊಟ್ಟರು. “ಈ ಹುಡುಗಿ ಸೈನ್ಸ್ ಓದೋದು ನಮ್ಮ ಕಾಲೇಜಿನ ಜವಾಬ್ದಾರಿ. ಫೀಸಿಲ್ಲ, ಹಾಸ್ಟೆಲ್ಲಿಗೂ ಏನಿಲ್ಲ. ನೀವು ಬ್ಯಾರೆ ಕಡೆ ಅಡ್ಡಾಡಬ್ಯಾಡ್ರಿ. ನಾ ಕರೀತೀನಿ, ಬರ್ರಿ.” ಚಪ್ಪಾಳೆ ಬಿತ್ತು. ಯಂಕಮ್ಮ ಅತ್ತಳು.

ವಾರ ಕಳೆಯುವುದರೊಳಗೆ ಗೊರೇಬಾಳ ಕ್ರಾಸಿನಲ್ಲಿ ಫ್ಲೆಕ್ಸು ಎದ್ದಿತು. ಒಂದು ಕಡೆ ಗುರುಬಸವ ಸರ್, ಇನ್ನೊಂದು ಕಡೆ ಪಂಪಾವತಿ, ನಡುವೆ ಕಾಲೇಜು. ‘ನಮ್ಮ ಹೆಮ್ಮೆ’ ಎಂದು ಬರೆದಿದ್ದರು. ಅಪ್ಪ ಬಸ್ಸಪ್ಪ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಹಮಾಲಿ. ಆಟೋದಲ್ಲಿ ಹೋಗಿಬರುವಾಗ ಕ್ರಾಸಿನಲ್ಲಿ ತಲೆ ಹೊರಗೆ ಹಾಕಿ ನೋಡುತ್ತಿದ್ದ. ಪಕ್ಕದಲ್ಲಿ ಕೂತವರಿಗೂ ತೋರಿಸುತ್ತಿದ್ದ.

ಸರಕಾರಿ ಕಾಲೇಜಿನಲ್ಲಿ ಸೇರಿಸಿಕೊಳ್ಳುವುದು ಶುರುವಾದಾಗ ಜೈನಾಬೀ ಹೇಳಿದಳು. ಜೈನಾಬೀ ಅಂದರೆ ನಾಟಿ ಗ್ಯಾಂಗಿನ ಮುಂದಾಳು. ಯಾರ ಗದ್ದೆಗೆ ಯಾವತ್ತು ಎನ್ನುವುದನ್ನು ಅವಳೇ ಗುತ್ತಿಗೆ ಮಾತಾಡುವುದು. “ಅಲ್ಲೂ ಒಂದು ಸೀಟು ಹಿಡದಿಡು ಯಂಕಮ್ಮ. ಎರಡು ಕಡೆ ಇದ್ರ ಏನು ಭಾರ?”

“ಮಾತು ಕೊಟ್ಟಾರಲ್ಲಬೇ,” ಎಂದಳು ಯಂಕಮ್ಮ. “ಒಬ್ಬರ ಗದ್ದಿಗಿ ಬರ್ತೀವಂದು ಇನ್ನೊಬ್ಬರ ಗದ್ದಿಗಿ ಇಳೀತೀಯೇನು ನೀ?”

ಗ್ಯಾಂಗಿನ ಕಟ್ಟಳೆಯೇ ಹಾಗೆ. ಮಾತಾಡಿದ ಮೇಲೆ ಪಕ್ಕದ ರೈತ ಹೆಚ್ಚಿಗೆ ಕೊಡುತ್ತೇನೆಂದು ಕೈಮುಗಿದರೂ ಹೆಂಗಸರು ಅತ್ತ ಹೊರಳುವುದಿಲ್ಲ. ಕೆಸರು ತುಳಿದು ಸಿದ್ಧವಾದ ಮಡಿ ಕಾಯುತ್ತಿರುತ್ತದೆ, ಕಿತ್ತ ಸಸಿ ಒಣಗುತ್ತದೆ. ಮಾತು ಮುರಿದ ಗ್ಯಾಂಗನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಯಂಕಮ್ಮ ಬಾಳಿದ್ದೇ ಈ ಕಟ್ಟಳೆಯಲ್ಲಿ. ಕಾಲೇಜನ್ನೂ ಅದೇ ಅಳತೆಯಿಂದ ಅಳೆದಳು. ಮೈಕಿನಲ್ಲಿ ಆಡಿದ ಮಾತಿಗೆ ಗದ್ದೆಯ ಬದುವಿನ ಮೇಲೆ ಆಡಿದ ಮಾತಿನಷ್ಟು ತೂಕ ಇರುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು?

ಜೂನ್ ಕಳೆಯಿತು. ಫೋನು ಬರಲಿಲ್ಲ. ಫೀಸು ಕೊಡುವವರೆಲ್ಲ ಬಂದು ಮುಗಿಯಲಿ ಎಂದು ಪುಕ್ಕಟೆ ಸೀಟು ಕಡೆಗಿಟ್ಟಿದ್ದರಂತೆ. ಅಷ್ಟರಲ್ಲಿ ಡ್ಯಾಮು ತುಂಬಿತು, ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು. ಪಂಪಾವತಿಯೂ ಗ್ಯಾಂಗಿಗೆ ಇಳಿದಳು.

ನಾಟಿ ಅಂದರೆ ಅನ್ನ ಉಣ್ಣುವವರಿಗೆ ಫೋಟೋದಲ್ಲಿ ನೋಡಲು ಚೆಂದ. ಬಗ್ಗಿದ ಸೊಂಟ ಸಂಜೆಗೆ ನೆಟ್ಟಗಾಗುವುದಿಲ್ಲ. ಹೆಬ್ಬೆರಳು, ತೋರುಬೆರಳು ಸಸಿಯ ಜತೆ ಕೆಸರೊಳಗೆ ಮುಳುಗಿ ಏಳಬೇಕು, ದಿನವೆಲ್ಲ. ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಬೆರೆತ ನೀರು. ಮೊದಲು ಬೆರಳ ಸಂದು ಬೆಳ್ಳಗಾಗುತ್ತದೆ. ಆಮೇಲೆ ಸೀಳುತ್ತದೆ. ಆಮೇಲೆ ಕೀವು. ಊಟ ಕಲಸಿದರೆ ಖಾರಕ್ಕೆ ಜೀವ ಹೋಗುತ್ತದೆ. ಪಂಪಾವತಿಯ ಕೈ ಹೊಸ ಕೈ. ವಾರಕ್ಕೇ ಕೊಳೆತವು.

ಆಗ ಫೋನು ಬಂತು. ನಾಳೆ ಬೆಳಿಗ್ಗೆ ತಾಯಿ ಅಥವಾ ತಂದೆಯನ್ನು ಕರೆದುಕೊಂಡು ಬರಬೇಕು, ಸಂದರ್ಶನ ಇದೆ ಎಂದರು.

ಯಂಕಮ್ಮ ಖುಷಿಯಿಂದ ಮಗಳ ಕೈ ಹಿಡಿದಳು. ಹಿಡಿದು ನೋಡಿದಳು. ಇಂಥ ಕೈ ತೋರಿಸಿದರೆ ಆ ಮನುಷ್ಯ ಏನಂದಾನು? ಜತೆಗೆ ಕೂಡುವ ಹುಡುಗಿಯರು ಮೂಗು ಮುಚ್ಚಿಕೊಂಡಾರು. ಜೈನಾಬೀಯ ಹಿತ್ತಲಿಗೆ ಓಡಿದಳು. ಅಲ್ಲಿ ಗೋರಂಟಿ ಗಿಡ ಇತ್ತು. ನಾಟಿ ಮಾಡುವ ಕೈಗೆ ಗೋರಂಟಿಯೇ ಮದ್ದು. ಸೊಪ್ಪು ಅರೆದು ಬೆರಳಿಗೆ, ಸಂದಿಗೆ, ಉಗುರಿಗೆ ದಪ್ಪಗೆ ಮೆತ್ತಿದರೆ ಕೀವು ಆರುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಗ್ಯಾಂಗಿನ ಎಲ್ಲ ಹೆಂಗಸರ ಬೆರಳೂ ನಾಟಿಯ ಕಾಲಕ್ಕೆ ಕೆಂಪಗಿರುತ್ತವೆ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಕೆಂಪು.

“ಯವ್ವಾ, ಕಾಲೇಜಿನ್ಯಾಗ ಬಣ್ಣ ನಡೀತೈತೇನ?” ಎಂದಳು ಪಂಪಾವತಿ.

“ಇದು ಬಣ್ಣೇನ ಹುಚ್ಚಿ? ಮದ್ದು. ಸರ ಹೇಳ್ಯಾರಲ್ಲ, ಕೈ ಸ್ವಚ್ಛ ಇರಬೇಕಂತ. ಹಿಡಿ ಕೈ.”

ಬೆಳಿಗ್ಗೆ ತೊಳೆದಾಗ ಕೀವು ಬತ್ತಿತ್ತು. ಬೆರಳು ಕಡುಗೆಂಪಾಗಿದ್ದವು. ಯಂಕಮ್ಮ ಮಗಳ ಕೈ ಮೂಸಿ ನೋಡಿದಳು. ಕೊಳೆತ ವಾಸನೆ ಇರಲಿಲ್ಲ. ದೇವರು ದೊಡ್ಡವನು ಅಂದುಕೊಂಡಳು. ದೇವರು ದೊಡ್ಡವನೇ ಇರಬಹುದು, ಪೂಜಾರಿ ಬಿಡಬೇಕಲ್ಲ.

ಕಾಲೇಜಿನ ಗೇಟಿಗೂ ಅದೇ ಫ್ಲೆಕ್ಸು ಕಟ್ಟಿದ್ದರು. ಪಂಪಾವತಿ ತನ್ನದೇ ಮುಖದ ಕೆಳಗೆ ಹಾದು ಒಳಗೆ ಹೋದಳು. ಬಾಗಿಲಲ್ಲಿ ಶಿವಗಂಗಾ ಮೇಡಂ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗಿಯರ ಶಿಸ್ತು ನೋಡುವ ಕೆಲಸ ಅವರದು. ಮುಂದೆ ಒಬ್ಬ ಹುಡುಗಿ ಹೊರಟಿದ್ದಳು, ನೆಲ್ಲು ವ್ಯಾಪಾರದ ಅಡತಿ ಅಂಗಡಿಯವರ ಮಗಳು. ಮೊಣಕೈವರೆಗೆ ಕೋನಿನ ಮೆಹಂದಿ; ನವಿಲು, ಹೂವು, ಬಳ್ಳಿ. ಮೇಡಂ ಅವಳ ಕೈ ಹಿಡಿದು ತಿರುಗಿಸಿ ನೋಡಿದರು.

“ಎಷ್ಟು ಚೆಂದ ಬಂದೈತಿ. ಯಾರ ಮದುವಿನಮ್ಮಾ?”

“ಅಕ್ಕಂದು ಮೇಡಂ.”

“ಹೋಗು, ಹೋಗು. ಕ್ಲಾಸಿಗೆ ಹೊತ್ತಾತು.”

ಆಮೇಲೆ ಪಂಪಾವತಿ. ಮೇಡಂ ಕೈ ಹಿಡಿಯಲಿಲ್ಲ. ಪೆನ್ನಿನ ತುದಿಯಿಂದ ತೋರಿಸಿದರು. “ಇದೇನಿದು? ಲಗ್ನ ಮಾಡಿಕೊಂಡು ಬಂದೀಯೇನು?”

ಯಂಕಮ್ಮ ಮುಂದೆ ಬಂದಳು. “ಇಲ್ರೀ ಅವ್ವಾರ. ನೆಲ್ಲು ನಾಟಿ ಮಾಡಿ ಕೈ ಕೊಳತಿದ್ವು. ಅದಕ್ಕ ನಾನ ಹಚ್ಚೀನ್ರಿ. ಮದ್ದಿನಂಗ.”

“ಮದ್ದು ಬೇಕಂದ್ರ ದವಾಖಾನಿಗಿ ಹೋಗ್ಬೇಕು. ಉಚಿತ ಸೀಟಿನವ್ರಿಗೆ ರೂಲ್ಸ್ ಹೇಳಿಲ್ಲೇನು? ಬಣ್ಣಗಿಣ್ಣ ನಡಿಯಂಗಿಲ್ಲ. ಅಲ್ಲಿ ನಳ ಐತಿ. ತೊಳಕೊಂಡು ಬಾ. ಬಣ್ಣ ಹೋದ್ರ ಒಳಗ, ಇಲ್ಲಂದ್ರ ಇಲ್ಲ.”

ನಳ ಅಂಗಳದ ನಡುವೆ ಇತ್ತು. ಮೇಲಿನ ವರಾಂಡದಲ್ಲಿ ಹುಡುಗರು ನಿಂತಿದ್ದರು. ಪಂಪಾವತಿ ಕೈ ತೊಳೆದಳು. ಸೋಪು ಹಚ್ಚಿದಳು. ಗೋರಂಟಿ ತೊಳೆದರೆ ಹೋಗುತ್ತದೆಯೇ? ಹೋಗುವುದಾಗಿದ್ದರೆ ಕೆಸರಿನ ನೀರಿನಲ್ಲಿ ಅದು ನಿಲ್ಲುವುದಾದರೂ ಹೇಗೆ? ಮೇಡಂಗೂ ಇದು ಗೊತ್ತು. ಅವರೂ ಹೆಂಗಸೇ.

“ಕಲ್ಲು ತಗೊಂಡು ತಿಕ್ಕು,” ಎಂದರು ಕುರ್ಚಿಯಿಂದಲೇ.

ಪಂಪಾವತಿ ಕಲ್ಲು ತಗೊಂಡಳು. ತಿಕ್ಕಿದಳು. ಮೇಲೆ ಯಾರೋ ನಕ್ಕರು. ಯಾರೋ ಫೋನು ಎತ್ತಿ ಹಿಡಿದರು. ಯಂಕಮ್ಮ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. ಹೊತ್ತು ಮೀರುತ್ತಿತ್ತು. ಒಳಗೆ ಬೇರೆಯವರನ್ನು ಕರೆಯುತ್ತಿದ್ದರು. ಅವಳ ತಲೆ ಕೆಟ್ಟಿತು. ಹೋಗಿ ಮಗಳ ಕೈಯಿಂದ ಕಲ್ಲು ಕಿತ್ತುಕೊಂಡಳು. ತಾನೇ ತಿಕ್ಕತೊಡಗಿದಳು. ಪಾತ್ರೆಯ ಮಸಿ ತಿಕ್ಕಿದ ಹಾಗೆ. ತಾನೇ ಮದ್ದು ಹಾಕಿದ ಬೆರಳನ್ನು ತಾನೇ ತಿಕ್ಕಿದಳು. ಆರಿದ್ದ ಗಾಯ ಬಾಯಿ ಬಿಟ್ಟಿತು. ರಕ್ತ ಬಂತು.

“ಯವ್ವಾ, ಬಿಡಬೇ.”

ಯಂಕಮ್ಮನಿಗೆ ಕೇಳಿಸಲಿಲ್ಲ. ಕೆಂಪು ಹೋಗಲಿ ಎಂದು ತಿಕ್ಕುತ್ತಿದ್ದಳು, ಕೆಂಪು ಹೆಚ್ಚುತ್ತಿತ್ತು.

“ಬಿಡಬೇ ಯವ್ವಾ, ಉರಿಯಾಕತ್ತೈತಿ.”

ಅಷ್ಟರಲ್ಲಿ ಗುರುಬಸವ ಸರ್ ಕಾರಿನಿಂದ ಇಳಿದರು. ಯಂಕಮ್ಮ ಕಲ್ಲು ಹಿಡಿದೇ ಓಡಿದಳು. “ಸರ, ನಿಮ್ಮ ಹುಡುಗಿ ರೀ. ಗೊರೇಬಾಳದಾಕಿ. ನೀವ ಶಾಲು ಹಾಕಿದ್ರಿ.”

ಅವರಿಗೆ ಗುರುತು ಹತ್ತಲಿಲ್ಲ. ಗೇಟಿನಲ್ಲಿ ಆಳೆತ್ತರದ ಮುಖ ತೂಗಾಡುತ್ತಿತ್ತು, ಅದೇ ಮುಖ ನಳದ ಮುಂದೆ ನಿಂತರೆ ಗುರುತಾಗಲಿಲ್ಲ. ಮೇಡಂ ಬಂದು ಕಿವಿಯಲ್ಲಿ ಹೇಳಿದರು. ಸರ್ ಪಂಪಾವತಿಯ ಕೈ ನೋಡಿ ಮುಖ ಸಿಂಡರಿಸಿದರು.

“ಸಭಾದಾಗ ನಾ ಏನು ಹೇಳಿದ್ದೆ? ಒಂದು ಕೈ ನೆಟ್ಟಗಿಟ್ಟುಕೊಳ್ಳಾಕ ಬರಂಗಿಲ್ಲ ನಿಮಗ?”

ಪಂಪಾವತಿ ತಲೆ ಎತ್ತಿದಳು. ಬೆರಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. “ಸರ್, ಪ್ರಶ್ನೆ ಕೇಳ್ರಿ, ಅಂಜಬ್ಯಾಡ್ರಿ ಅಂತನೂ ಹೇಳಿದ್ರಿ. ಈಗ ಒಳಗ ಹೋದಾಕಿ ಕೈಯಾಗಿಂದು ಬಣ್ಣ ಅಲ್ಲೇನ್ರಿ?”

ಪ್ರಶ್ನೆ ಕೇಳುವವರೆಂದರೆ ಪ್ರೀತಿಯಂತೆ ಈ ಮನುಷ್ಯನಿಗೆ. ಪ್ರೀತಿ ಹೇಗಿತ್ತು ನೋಡಿ.

“ಅವರ ಮನ್ಯಾಗ ಮದುವಿ ಇತ್ತು. ಅವರು ಫೀಸು ಕಟ್ಟಿ ಬರ್ತಾರ. ನೀ ಪುಕ್ಕಟೆ ಬರಾಕಿ. ಪುಕ್ಕಟೆ ಬರೋರಿಗೆ ಶಿಸ್ತು ಹೆಚ್ಚಿರಬೇಕು.” ಆಮೇಲೆ ಯಂಕಮ್ಮನ ಕಡೆ ತಿರುಗಿದರು. “ನಿಮ್ಮ ಮಂದಿಗೆ ಸೀಟು ಕೊಡಬಹುದವ್ವ. ಸಂಸ್ಕಾರ ಎಲ್ಲಿಂದ ತಂದು ಕೊಡೂನು? ಬಣ್ಣ ಹೋದ ಮ್ಯಾಲ ಕರಕೊಂಡು ಬಾ. ನೋಡೂನು.”

“ಇನ್ನಷ್ಟು ತಿಕ್ಕಿದ್ರ ಈಗ ಹೋಗ್ತೈತಿ ಬಿಡ್ರಿ ಸರ್,” ಎಂದರು ಮೇಡಂ, ದೊಡ್ಡ ಉಪಕಾರ ಮಾಡುವವರಂತೆ.

ಯಂಕಮ್ಮ ಆ ಮಾತನ್ನೇ ಹಿಡಿದಳು. “ತಿಕ್ಕತಾಳ್ರಿ. ತಿಕ್ಕಬೇ ಪಂಪಿ.” ಕಲ್ಲು ಮಗಳ ಕೈಗಿಟ್ಟಳು.

ಪಂಪಾವತಿ ಕಲ್ಲು ನೋಡಿದಳು. ಅದನ್ನು ನಳದ ಕಟ್ಟೆಯ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

“ನಾ ತಿಕ್ಕಂಗಿಲ್ಲ.”

ಅಷ್ಟೇ. ಗೇಟಿನ ಕಡೆ ನಡೆದಳು. ಯಂಕಮ್ಮ ಸರ್ ಕಾಲಿಗೆ ಬಿದ್ದಳು. ಸರ್ ಎರಡು ಹೆಜ್ಜೆ ಹಿಂದೆ ಸರಿದರು. ಮೈಲಿಗೆಗೆ ಸರಿದರೋ, ಒದ್ದೆ ಕೈಗೆ ಸರಿದರೋ ಅವರಿಗೇ ಗೊತ್ತು. ಅವಳ ಕೈಗೆ ಸಿಕ್ಕಿದ್ದು ನೆಲ.

ಬಸ್‌ಸ್ಟ್ಯಾಂಡಿನಲ್ಲಿ ಯಂಕಮ್ಮ ಮಗಳಿಗೆ ಬೈದಳು. “ಬಡವರ ಸಿಟ್ಟು ದವಡಿಗಿ ಮೂಲ ಅಂತಾರ. ಎರಡು ಮಾತು ನುಂಗಿಕೊಂಡಿದ್ರ ನಿನ್ನ ಗಂಟಲು ಹರೀತಿತ್ತೇನು? ನಾ ಹುಟ್ಟಿದಾಗಿಂದ ನುಂಗಿಲ್ಲೇನು?”

ಪಂಪಾವತಿ ಬೆರಳಿಗೆ ಶಾಲು ಸುತ್ತಿಕೊಂಡಿದ್ದಳು. ಸಭೆಯಲ್ಲಿ ಹೊದಿಸಿದ ಅದೇ ಶಾಲು. ಸರ್ ನೋಡಿ ಗುರುತು ಹಿಡಿಯಲಿ ಎಂದು ತಾಯಿಯೇ ಹಾಕಿಸಿಕೊಂಡು ಬಂದಿದ್ದಳು.

ಬಸ್ಸಪ್ಪ ಮಿಲ್ಲಿಗೆ ರಜೆ ಹಾಕಿ ಸರಕಾರಿ ಕಾಲೇಜುಗಳಿಗೆ ಅಲೆದ. ಸಿಂಧನೂರಿನಲ್ಲಿ ತಾರೀಖು ಮುಗಿದಿತ್ತು. ಮಸ್ಕಿಗೆ ಹೋದ, ಲಿಂಗಸುಗೂರಿಗೆ ಹೋದ. “ಇಷ್ಟು ಮಾರ್ಕ್ಸ್ ಅದಾವ, ಮೊದ್ಲ ಯಾಕ ಬರಲಿಲ್ಲಪ್ಪ ನೀವು?” ಎಂದರು ಎಲ್ಲರೂ. ಅದಕ್ಕೆ ಅವನ ಹತ್ತಿರ ಉತ್ತರ ಇತ್ತು. ಹೇಳಲು ನಾಚಿಕೆಯಾಯಿತು. ಮಾತು ನಂಬಿದ್ವಿ ಅಂದರೆ ನಕ್ಕಾರು.

ಉಳಿದದ್ದು ಒಂದೇ. ಬಣ್ಣ ಹೋದ ಮೇಲೆ ಬಾ ಅಂದಿದ್ದಾರಲ್ಲ. ಯಂಕಮ್ಮ ಅದನ್ನೂ ನಂಬಿದಳು. ನಂಬದೆ ಏನು ಮಾಡಬೇಕು? ನಿಂಬೆ ತಿಕ್ಕಿದಳು, ಹುಣಸೆ ತಿಕ್ಕಿದಳು. ಚರ್ಮದ ಬಣ್ಣ ಮಾಸಿತು, ಉಗುರಿನದು ಹಾಗೇ ಉಳಿಯಿತು. “ಉಗುರಿಂದು ಉಗುರು ಬೆಳದ ಹೋಗಬೇಕಬೇ,” ಎಂದಳು ಜೈನಾಬೀ. “ಅವಸರ ಮಾಡಿದ್ರ ಉಗುರ ಕೀಳಬೇಕಾಕ್ಕೈತಿ.” ಮಗಳು ಗದ್ದೆಗೆ ಬರುವುದು ಬೇಡ, ಕೈ ಕಾಯ್ದುಕೊಂಡು ಮನೆಯಲ್ಲಿರಲಿ ಎಂದು ಯಂಕಮ್ಮ ಅವಳ ಪಾಲಿನ ಸಾಲನ್ನೂ ತಾನೇ ನಾಟಿ ಮಾಡಿದಳು. ಆದರೆ ಹುಡುಗಿ ಕೇಳಲಿಲ್ಲ. ಎರಡು ದಿನ ಬಿಟ್ಟು ಬಂದು ಮಡಿಗೆ ಇಳಿದಳು. ತಾಯಿಯ ಪಕ್ಕ ಬಗ್ಗಿದಳು. ಸಂಜೆ ಗ್ಯಾಂಗಿನವರೆಲ್ಲ ಗೋರಂಟಿ ಹಚ್ಚಿಕೊಳ್ಳುವಾಗ, ತಾಯಿಯ ಆಸೆ ಕೆಡಿಸಲಾರದೆ, ಕೈ ಹಿಂದೆ ಕಟ್ಟಿಕೊಂಡು ಕೂತಳು.

“ಕೊಳೀತಾವಬೇ,” ಎಂದಳು ಜೈನಾಬೀ.

“ಕೊಳೀಲಿ.”

ಕೊಳೆತವು. ಬೆರಳು ಬಾತವು. ಅನ್ನ ಕಲಸಲಾಗದೆ ಚಮಚದಲ್ಲಿ ಉಣ್ಣತೊಡಗಿದಳು. ಯಂಕಮ್ಮ ಮಾತ್ರ ಬೆಳಿಗ್ಗೆದ್ದು ಮಗಳ ಉಗುರು ನೋಡುತ್ತಿದ್ದಳು. ಬುಡದಲ್ಲಿ ಬಿಳಿ ಗೆರೆ ಕಂಡರೆ ಅವಳಿಗೆ ಖುಷಿ. ಕೈ ಕೊಳೆಯುವುದು ಕಣ್ಣಿಗೆ ಕಾಣದೆ ಉಗುರು ಬೆಳೆಯುವುದಷ್ಟೇ ಕಾಣುವ ಹಾಗೆ ಮಾಡಿದ್ದರು ಅವಳನ್ನು.

ಉಗುರಿನ ತುದಿಯಲ್ಲಷ್ಟೇ ಕೆಂಪು ಉಳಿದಾಗ ಯಂಕಮ್ಮ ಕಾಲೇಜಿಗೆ ಹೊರಟಳು. ಪಂಪಾವತಿ ಬರಲಿಲ್ಲ. ಒಬ್ಬಳೇ ಹೋದಳು. ಆ ಹೊತ್ತಿಗೆ ನಾಟಿ ಮುಗಿದು, ಪೈರು ಹಸಿರಾಗಿ, ಕಡೆಯ ಸುತ್ತಿನ ಕಳೆ ಕೀಳುವ ಕೆಲಸ ನಡೆದಿತ್ತು. ಗುರುಬಸವ ಸರ್ ಬಾಗಿಲಲ್ಲೇ ಸಿಕ್ಕರು.

“ಬಣ್ಣ ಹೋಗೈತ್ರಿ ಸರ.”

ಅವರಿಗೆ ಯಾವ ಬಣ್ಣ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. “ಓಹೋ, ನೀವಾ? ಸೀಟು ಅವತ್ತ ತುಂಬಿದ್ವಲ್ಲವ್ವ. ಪರೀಕ್ಷೆನೂ ಒಂದು ಆತು. ಆ ಹುಡುಗಿಗೆ ಎದುರು ಮಾತಾಡೋ ಚಟ ಐತಿ. ಒಂದು ವರ್ಷ ಮನಿಯಾಗ ಕುಂತು ಸಮಾಧಾನ ಕಲೀಲಿ. ನನ್ನ ಮಾತು ಕೇಳು, ಮುಂದ ಆರ್ಟ್ಸ್ ಕೊಡಸು. ಬರೋ ವರ್ಷ ನಿಮ್ಮೂರ ಹೈಸ್ಕೂಲಿಗೆ ಮತ್ತ ಬರ್ತೀನಿ. ಸಭಾಕ್ಕ ಬಾ, ಎಲ್ಲಾ ತಿಳಿಸಿ ಹೇಳ್ತೀನಿ.”

ಯಂಕಮ್ಮನಿಗೆ ಬೈಯಬೇಕೆಂದಿತ್ತು. ಬೈಗುಳ ಬಾಯಿತನಕ ಬಂದವು. ಇವನನ್ನು ಬೈದರೆ ಬರುವ ವರ್ಷದ ಬಾಗಿಲೂ ಮುಚ್ಚೀತು ಎನ್ನಿಸಿ ಅವನ್ನೂ ನುಂಗಿದಳು. ಕಡೆಗೆ ಒಂದೇ ಮಾತು ಹೊರಬಿತ್ತು. “ಹಂಗಾರ ಆಕಿ ಫೋಟೋನಾರ ತಗೀರಿ ಸರ. ಕ್ರಾಸಿನ್ಯಾಗ ಮಂದಿ ಕೇಳತಾರ, ನಿನ್ನ ಮಗಳು ಕಾಲೇಜಿಗೆ ಹೋಗ್ಯಾಳಲ್ಲ, ಎಂದು ಬರ್ತಾಳಂತ.”

“ಅದೇನು ಬಿಡವ್ವ,” ಎಂದರು ಸರ್, ಒಳಗೆ ಹೋಗುತ್ತ. “ಬಿಸಿಲಿಗೆ ತಾನ ಬಣ್ಣ ಹೋಗ್ತೈತಿ.”

ಸಂಜೆ ಯಂಕಮ್ಮ ಮನೆಗೆ ಬಂದಾಗ ಪಂಪಾವತಿ ಹೊಸ್ತಿಲಲ್ಲಿ ಕೂತಿದ್ದಳು. ತಾಯಿಯ ಮುಖ ನೋಡಿಯೇ ತಿಳಿದುಕೊಂಡಳು. ಎದ್ದು ಜೈನಾಬೀಯ ಹಿತ್ತಲಿಗೆ ಹೋದಳು. ಸೆರಗಿನ ತುಂಬ ಸೊಪ್ಪು ತಂದಳು. ಬಾತ ಬೆರಳಲ್ಲಿ ಗುಂಡುಕಲ್ಲು ಹಿಡಿಯಲಾಗಲಿಲ್ಲ. ಯಂಕಮ್ಮನೇ ಅರೆದಳು. ಅರೆಯುತ್ತ ಅತ್ತಳು.

ಪಂಪಾವತಿ ಎರಡೂ ಕೈ ಮುಂದೆ ಚಾಚಿದಳು.

“ಹಚ್ಚಬೇ ಯವ್ವಾ. ದಪ್ಪ ಹಚ್ಚು. ಎಂದೂ ಹೋಗಲಾರದಂಗ ಹಚ್ಚು.”

ಯಂಕಮ್ಮ ಹಚ್ಚಿದಳು.